ಅಪ್ಪ ಬಿಸಿಲಿಗೆ ಹಿಡಿದ ಫಿಲಂ

ಅಮ್ಮನಿಗೆ ಒಂದೇ ಒಂದು ಒಳ್ಳೆಯ ಫೋಟೋ ಬೇಕಿತ್ತು. ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಅವಳು ಕಣ್ಣು ಮುಚ್ಚಿರುತ್ತಾಳೆ, ಇಲ್ಲವೇ ಯಾರನ್ನೋ ಬೈಯುತ್ತಿರುತ್ತಾಳೆ. "ನಾನು ಹೋದ್ಮೇಲೆ ಗೋಡೆಗೆ ಆ ಆಧಾರ್ ಕಾರ್ಡ್ ಫೋಟೋನೇ ನೇತಾಕ್ತೀಯಾ? ಅದ್ರಲ್ಲಿ ಕಳ್ಳಿ ಥರ ಇದೀನಿ" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ನನಗೆ ಅಷ್ಟು ನೆಪ ಸಾಕಾಯಿತು. ಬೆಂಗಳೂರಿನ ಗುಜರಿ ಬಜಾರಿನಿಂದ ಮಡಿಸುವ ಹಳೇ ಫಿಲಂ ಕ್ಯಾಮೆರಾ ತಂದೆ. ಮುಚ್ಚಿದರೆ ಜೇಬಿಗೆ ಹಿಡಿಸುತ್ತದೆ. ಗುಂಡಿ ಒತ್ತಿದರೆ ಠಕ್ಕನೆ ಬಾಯಿ ತೆರೆದು ಲೆನ್ಸು ಮುಂದಕ್ಕೆ ಬರುತ್ತದೆ, ಅದರ ಹಿಂದೆ ಹಾರ್ಮೋನಿಯಂಗೆ ಇರುವಂಥ ಕಪ್ಪು ಚರ್ಮದ ತಿದಿ. ಒಂದು ರೋಲಿಗೆ ಎಂಟೇ ಫೋಟೋ. ಬೆನ್ನಿನ ಕೆಂಪು ಕಿಂಡಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಕೈಯಲ್ಲೇ ತಿರುಗಿಸಬೇಕು, ದೂರವನ್ನು ನಾವೇ ಅಂದಾಜು ಮಾಡಬೇಕು. ಇಷ್ಟು ಕಾಟ ಕೊಡುವ ವಸ್ತುವಿನ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೇ? ಕೆಲಸವಿಲ್ಲದೆಯೂ ದಿನಕ್ಕೆ ಐವತ್ತು ಸಲ ಬಿಚ್ಚಿ ಮುಚ್ಚುತ್ತಿದ್ದೆ.

ಮೊದಲ ರೋಲನ್ನು ಮಾಕಳಿದುರ್ಗದ ಬೆಟ್ಟದಲ್ಲಿ ಖಾಲಿ ಮಾಡಿದೆ. ಸ್ಟುಡಿಯೋದಲ್ಲಿ ತೊಳೆಸಿ ತಂದರೆ ಎಂಟರಲ್ಲೂ ಬೆಟ್ಟದ ನೆತ್ತಿಯ ಮೇಲೆ ಒಂದು ಬಿಳಿ ಮಚ್ಚೆ. ತಿದಿಯಲ್ಲಿ ತೂತಿದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ. ಅಪ್ಪ ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಮಗ್ಗ ನಡೆಸಿದವನು. ಮಗ್ಗದಿಂದ ಇಳಿದ ಪ್ರತಿ ಸೀರೆಯನ್ನೂ ಬೆಳಕಿಗೆ ಹಿಡಿದು ತೂತು ಹುಡುಕುವುದು ಅವನ ಅಭ್ಯಾಸ. ಬೀಗರು ಉಡುಗೊರೆ ಕೊಟ್ಟ ಪಂಚೆಯನ್ನೂ ಅವರೆದುರಿಗೇ ಹಾಗೆ ಹಿಡಿದು ನೋಡಿದ ಪುಣ್ಯಾತ್ಮ. ತಿದಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಸೂಜಿಮೊನೆಯಷ್ಟು ತೂತನ್ನು ನಿಮಿಷದಲ್ಲಿ ಪತ್ತೆಹಚ್ಚಿ, ಕಪ್ಪು ಬಟ್ಟೆಯ ಚೂರು ಅಂಟಿಸಿದ. ನಾನು ಬಾಯಿ ತುಂಬ ಹೊಗಳಿದೆ. ಅದೇ ತಪ್ಪಾಯಿತು.

ಎರಡನೇ ರೋಲು ಅಮ್ಮನದು. ಅಪ್ಪ ನೇಯ್ದುಕೊಟ್ಟ ನೇರಳೆ ಸೀರೆ ಉಟ್ಟು ದಾಸವಾಳದ ಗಿಡದ ಪಕ್ಕ ನಿಂತಳು. ನನ್ನ ಅಂದಾಜನ್ನು ನಾನೇ ನಂಬದೆ ಟೇಪು ಹಿಡಿದು ಅವಳ ಮೂಗಿನವರೆಗೆ ಅಳೆದೆ.

"ಫೋಟೋ ತೆಗೀತೀಯೋ, ರವಿಕೆ ಹೊಲೀತೀಯೋ?" ಎಂದು ನಕ್ಕಳು. ಎಂಟರಲ್ಲಿ ಒಂದರಲ್ಲೂ ಕಣ್ಣು ಮುಚ್ಚಲಿಲ್ಲ. ರೋಲನ್ನು ತೆಗೆದು, ಅದರ ಕಾಗದದ ಪಟ್ಟಿಗೆ ಎಂಜಲು ಹಚ್ಚಿ ಅಂಟಿಸಿ, ಜಗಲಿಯ ಮೇಲಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ.

ಹೊರಗೆ ಬಂದರೆ ಅಪ್ಪ ಅಂಗಳದಲ್ಲಿ ನಿಂತು, ರೋಲನ್ನು ಪೂರಾ ಬಿಚ್ಚಿ, ಎರಡೂ ಕೈಯಲ್ಲಿ ಬಿಸಿಲಿಗೆ ಹಿಡಿದಿದ್ದ.

"ಎಲ್ಲೂ ತೂತಿಲ್ಲ ಕಣೋ," ಅಂದ. "ಆದ್ರೆ ಒಂದು ಡಿಸೈನೂ ಬಿದ್ದಿಲ್ಲ. ಕೊಟ್ಟೋನು ಮೋಸ ಮಾಡವ್ನೆ."

ನನಗೆ ನಿಜವಾಗಿಯೂ ಅಳು ಬಂತು. ತೊಳೆಯುವ ಮೊದಲು ಬೆಳಕು ಬಿದ್ದರೆ ಫಿಲಂ ಹಾಳಾಗುತ್ತದೆ ಎಂದು ಹೇಳಿದೆ. ಅಪ್ಪ ಅದನ್ನು ಮೆಲ್ಲಗೆ ಮತ್ತೆ ಸುತ್ತತೊಡಗಿದ, ಸುತ್ತಿಬಿಟ್ಟರೆ ಅಮ್ಮ ವಾಪಸ್ ಬರುತ್ತಾಳೇನೋ ಎಂಬಂತೆ.

ಅಮ್ಮ ಬೈಯಲಿಲ್ಲ. "ಇನ್ನೊಂದು ರೋಲ್ ಹಾಕು," ಅಂದಳು. "ಈ ಸಲ ನಿಮ್ಮಪ್ಪನ್ನೂ ನನ್ನ ಪಕ್ಕ ನಿಲ್ಸು. ಆಚೆ ಬಿಟ್ರೆ ಕೈ ಸುಮ್ನಿರಲ್ಲ."

ಆ ಫೋಟೋ ಈಗ ನಡುಮನೆಯಲ್ಲಿದೆ. ಅಮ್ಮ ಕಣ್ಣು ಬಿಟ್ಟು ನಗುತ್ತಿದ್ದಾಳೆ, ಅಪ್ಪನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದಾಳೆ. ಬಂದವರೆಲ್ಲ "ಈ ವಯಸ್ಸಲ್ಲೂ ಎಷ್ಟು ಅನ್ಯೋನ್ಯ" ಅನ್ನುತ್ತಾರೆ. ನಾನು ರೋಲನ್ನು ಜೇಬಿಗೆ ಹಾಕಿಕೊಂಡು ಬೈಕು ಹತ್ತುವವರೆಗೂ ಅವಳು ಆ ಕೈ ಬಿಟ್ಟಿರಲಿಲ್ಲ.