ಅದಿಯಾ ತಲೆಗೂದಲು ಕೊಟ್ಟ ದಿನ

ಸೊಲೊಂಗೊ ಮೊದಲು ಪಟ್ಟಣದ ಬ್ರೆಡ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಶಾರಾವನನ್ನು ಮದುವೆಯಾಗಿ ನಮ್ಮ ಕಣಿವೆಗೆ ಬಂದ ಮೇಲೆ ಮೇಕೆ ಹಾಲು ಕರೆಯುವುದು, ಒಣಗಿದ ಸೆಗಣಿ ಆರಿಸಿ ತಂದು ಒಲೆ ಉರಿಸುವುದು, ಎಲ್ಲವನ್ನೂ ಬೇಗ ಕಲಿತಳು. ಒಂದನ್ನು ಮಾತ್ರ ಅವಳ ಮನಸ್ಸು ಒಪ್ಪಲಿಲ್ಲ. ಅದು ಮಗುವನ್ನು ಕಟ್ಟಿಹಾಕುವುದು.

ನಮ್ಮಲ್ಲಿ ಮಗು ಹೆಜ್ಜೆ ಇಡಲು ಶುರು ಮಾಡಿದ ಕೂಡಲೇ ಅದರ ಸೊಂಟಕ್ಕೆ ಮೆತ್ತನೆಯ ಪಟ್ಟಿ ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿಯುತ್ತೇವೆ. ಗುಡಾರದ ನಟ್ಟನಡುವೆ ಕಾದ ಒಲೆ, ಹೊರಗೆ ಹಾಲಿಗೆ ಕಾಯುವ ದನ. ತಾಯಿಗೆ ಇರುವುದು ಎರಡೇ ಕೈ.

"ನಿನ್ನ ಗಂಡನನ್ನೂ ಹೀಗೇ ಕಟ್ಟಿ ಬೆಳೆಸಿದ್ದು ಕಣಮ್ಮಾ. ಏನಾಗಿದೆ ಈಗ ಅವನಿಗೆ?" ಎಂದಳು ಅತ್ತೆ ಯಾಂಜ್ಮಾ.

"ಅದಕ್ಕೇ ಅತ್ತೆ, ಈಗ ಬಿಟ್ರೆ ಸಾಕು, ಗುಡಾರಕ್ಕೇ ಬರಲ್ಲ."

ಯಾಂಜ್ಮಾ ನಕ್ಕಳು. ಪಕ್ಕದ ಗುಡಾರದಿಂದ ಮೊಸರಿನ ಹೆಪ್ಪು ಕೇಳಲು ಹೋಗಿದ್ದ ನಾನೂ ನಕ್ಕೆ. ಆದರೆ ಪಟ್ಟಿ ಮಾತ್ರ ಗೂಟಕ್ಕೆ ನೇತುಬಿದ್ದೇ ಇತ್ತು.

ಮಗುವಿನ ಹೆಸರು ಅದಿಯಾ. ಕೆನ್ನೆ ತುಂಬ ಕೆಂಪು, ಬೆನ್ನಿನವರೆಗೆ ಕೂದಲು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಕೂದಲನ್ನು ತಾಯಿ ನೆತ್ತಿಯ ಮೇಲೆ ಗಂಟು ಕಟ್ಟುತ್ತಿದ್ದಳು. ದಾರಿಹೋಕರು ಅವನನ್ನು ಹುಡುಗಿಯೆಂದೇ ತಿಳಿಯುತ್ತಿದ್ದರು. "ಅಯ್ಯೋ, ಎಂಥಾ ಕೊಳಕು ಮುಖದ ಮಗು ಇದು!" ಎಂದು ನಾವೆಲ್ಲ ಬೈಯುತ್ತಲೇ ಅದರ ಕೆನ್ನೆ ಮೂಸುತ್ತಿದ್ದೆವು. ಚೆಂದ ಎಂದರೆ ದೃಷ್ಟಿ ತಗಲುತ್ತದಲ್ಲ.

ವಸಂತದಲ್ಲಿ ಒಂದು ದಿನ ಮಧ್ಯಾಹ್ನ ದೂಳುಗಾಳಿ ಎದ್ದಿತು. ಗುಡಾರದ ಮೇಲಿನ ಕಂಬಳಿ ಹಾರದಂತೆ ಹಗ್ಗ ಬಿಗಿಯಲು ಅತ್ತೆ ಸೊಸೆ ಇಬ್ಬರೂ ಹೊರಗೆ ಓಡಿದರು. ಒಳಗೆ ಬಂದು ನೋಡಿದರೆ ಅದಿಯಾ ಇಲ್ಲ. ಬಾಗಿಲು ಒಂದು ಗೇಣು ತೆರೆದಿತ್ತು.

ಆ ಗಾಳಿಯಲ್ಲಿ ಹತ್ತು ಮಾರು ದೂರದ್ದೂ ಕಾಣುತ್ತಿರಲಿಲ್ಲ. ಸೊಲೊಂಗೊಳ ಕೂಗು ಕೇಳಿ ನಾನೂ ಹೊರಗೆ ಬಂದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮೂವರೂ ಮೂರು ದಿಕ್ಕಿಗೆ ಹೋದೆವು. ತೊರೆಯ ಕಡೆ ಹೋದವಳು ಸೊಲೊಂಗೊ. ಅಲ್ಲಿ ಮಂಜುಗಡ್ಡೆ ಕರಗುತ್ತಿದ್ದ ಕಾಲ ಅದು.

ಕೊನೆಗೆ ಅವನು ಸಿಕ್ಕಿದ್ದು ಯಾಂಜ್ಮಾಳಿಗೆ. ಎಳೆಯ ಮೇಕೆಮರಿಗಳನ್ನು ಕೂಡಿಹಾಕುವ ಗೂಡಿನಲ್ಲಿ, ಮರಿಗಳ ನಡುವೆ ಮುದುಡಿ ಮಲಗಿ ನಿದ್ದೆ ಹೋಗಿದ್ದ. ಒಂದು ಮರಿ ಅವನ ತಲೆಯ ಗಂಟನ್ನು ಹುಲ್ಲೆಂದು ಅಗಿಯುತ್ತಿತ್ತು. ಒದ್ದೆ ಬೂಟಿನಲ್ಲೇ ತೊರೆಯಿಂದ ಓಡಿಬಂದ ಸೊಲೊಂಗೊ ಅವನನ್ನು ಎತ್ತಿಕೊಂಡು ಒಳಗೆ ಹೋದಳು. ಯಾಂಜ್ಮಾ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಅದು ಅವಳ ದೊಡ್ಡತನ.

ಮರುದಿನ ನಾನು ಹೋದಾಗ ಸೊಲೊಂಗೊ ಪಟ್ಟಿಯ ತುದಿ ಹಿಡಿದು, ಮಂಚದಿಂದ ಒಲೆಗೆ, ಮಂಚದಿಂದ ಹೊಸ್ತಿಲಿಗೆ ಮಂಡಿಯೂರಿ ಅಳೆಯುತ್ತಿದ್ದಳು.

"ಏನೇ ಇದು, ದರ್ಜಿ ಕೆಲಸ?"

"ಒಲೆ ಮುಟ್ಟಬಾರದು ಅಕ್ಕಾ. ಆದ್ರೆ ಹೊಸ್ತಿಲ ಹತ್ರ ಕೂತ್ಕೊಂಡು ನನ್ನ ನೋಡೋ ಹಾಗಿರಬೇಕು."

ಮಂಚವನ್ನೇ ಒಂದಿಷ್ಟು ಬಾಗಿಲ ಕಡೆಗೆ ಸರಿಸಿದಳು. ಆಮೇಲಿನಿಂದ ಅವಳು ಹಾಲು ಕರೆಯುವಷ್ಟು ಹೊತ್ತೂ ಅದಿಯಾ ಹೊಸ್ತಿಲ ಬಳಿ ಕೂತು ಮೇಕೆಗಳ ಜೊತೆ ಮೇಕೆಯ ದನಿಯಲ್ಲೇ ಜಗಳವಾಡುತ್ತಿದ್ದ. ಬಿಚ್ಚಿದ ಗಳಿಗೆಗೇ ಓಡಿಬಂದು ಅವಳ ಜಡೆ ಹಿಡಿದು ಜೋತಾಡುವನು. ಸೊಂಟ ದಾಟುವ ಜಡೆ ಅವಳದು, ಬ್ರೆಡ್ ಅಂಗಡಿಯ ಕಾಲದಿಂದಲೂ ಅವಳಿಗೆ ಅದೊಂದು ಹೆಮ್ಮೆ. ಈಗ ಅದು ಅದಿಯಾನ ಲಗಾಮು. ಕುದುರೆ ಓಡಿಸುವವರಂತೆ "ಚೂ! ಚೂ!" ಎಂದು ಎಳೆಯುತ್ತಿದ್ದ, ಅವಳ ಕಣ್ಣಲ್ಲಿ ನೀರು ಬರುತ್ತಿತ್ತು.

ಬೇಸಿಗೆ ಮುಗಿಯುತ್ತ ಬಂದಾಗ ನಮ್ಮ ಎಣಿಕೆಯಲ್ಲಿ ಅದಿಯಾನಿಗೆ ಮೂರು ತುಂಬುವ ವರ್ಷ. ತಾಯಿಯ ಹೊಟ್ಟೆಯಲ್ಲಿದ್ದುದನ್ನೂ ನಾವು ಸೇರಿಸಿ ಎಣಿಸುತ್ತೇವೆ. ಮೊದಲ ಕೂದಲು ಕತ್ತರಿಸಲು ಒಳ್ಳೆಯ ದಿನ ಗೊತ್ತುಮಾಡಿದರು. ಕುರಿ ಬೆಂದಿತು, ಹುಳಿ ಕುದುರೆಹಾಲು ತುಂಬಿದ ಪಾತ್ರೆ ಬಂತು. ಶಾರಾವನ ದೊಡ್ಡಪ್ಪ ಗೊಂಬೊ ಎರಡು ದಿನದ ದಾರಿ ಕುದುರೆಯ ಮೇಲೆ ಬಂದ. ಮೊದಲ ಕೂದಲು ತೆಗೆಯಬೇಕಾದವನು ಅವನೇ. ಕತ್ತರಿಯ ಹಿಡಿಗೆ ನೀಲಿ ರೇಷ್ಮೆಯ ಪಟ್ಟಿ ಕಟ್ಟಿತ್ತು.

ಕತ್ತರಿ ಕಂಡದ್ದೇ ಅದಿಯಾ ಎರಡೂ ಕೈಯಿಂದ ನೆತ್ತಿಯ ಗಂಟು ಮುಚ್ಚಿಕೊಂಡ.

"ಬೇಡ!"

"ನಿಂಗೆ ಕುದುರೆಮರಿ ಕೊಡ್ತೀನೋ, ಕಂದು ಬಣ್ಣದ್ದು," ಎಂದ ಗೊಂಬೊ.

"ಬೇಡ!"

ಸಕ್ಕರೆ ಬೇಡ. ಒಣಮೊಸರು ಬೇಡ. ಅಪ್ಪನ ತೊಡೆ ಬೇಡ. ಆ ವರ್ಷ ಅವನಿಗೆ ಚೆನ್ನಾಗಿ ಬರುತ್ತಿದ್ದ ಮಾತು ಅದೊಂದೇ. ಮಂಚದ ಕೆಳಗೆ ನುಸುಳಿ ಅದರ ಕಾಲು ಹಿಡಿದು ಕೂತ. ಶಾರಾವ ಎಳೆಯಲು ಬಗ್ಗಿದ.

"ಬಿಡ್ರೀ, ಅಳಿಸಿ ತೆಗೆಯೋ ಕೂದಲಲ್ಲ ಅದು," ಎಂದಳು ಸೊಲೊಂಗೊ.

ನೆಂಟರು ಕಾದರು. ಮಾಂಸ ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಮಾತು ಬಂತು: "ಮೊದ್ಲು ಅಜ್ಜಂಗೆ!"

ಗೊಂಬೊ ಟೋಪಿ ತೆಗೆದ. ಹಾಲಿನ ಬಟ್ಟಲು ಮಗುಚಿಟ್ಟಂಥ ತಲೆ. "ಹುಡುಕ್ಕೋಪ್ಪಾ, ಸಿಕ್ರೆ ಒಂದು ಕತ್ತರಿಸ್ಕೋ!" ಗುಡಾರವೆಲ್ಲ ನಗುವೋ ನಗು. ಅದಿಯಾನಿಗೂ ನಗು ಬಂತು, ಆದರೆ ಹೊರಗೆ ಬರಲಿಲ್ಲ. ಕೈ ಚಾಚಿ ತೋರಿಸಿದ. "ಅಮ್ಮಂಗೆ."

ಸೊಲೊಂಗೊ ಒಂದು ಗಳಿಗೆ ಜಡೆಯನ್ನು ಮುಂದಕ್ಕೆ ತಂದುಕೊಂಡು ನೋಡಿದಳು. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು, ಕತ್ತರಿ ಇಸಿದುಕೊಂಡು, "ಬಾ, ಇಬ್ರೂ ಸೇರಿ ಮಾಡೋಣ" ಎಂದಳು.

ಅವನು ತೆವಳಿ ಬಂದ. ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಜಡೆಯ ತುದಿಯಲ್ಲಿ ಒಂದಿಷ್ಟು ಕತ್ತರಿಸಬೇಕೆಂದಿದ್ದಳು. ಹಿಡಿತ ಸಿಕ್ಕ ಕೂಡಲೇ ಅವನು "ಇಲ್ಲಿ!" ಎಂದು ಕತ್ತರಿಯನ್ನು ಭುಜದ ಹತ್ತಿರಕ್ಕೆ ಒಯ್ದ. ಸೊಲೊಂಗೊ ತಡೆಯಲಿಲ್ಲ. ದಪ್ಪ ಜಡೆ, ಮೂರು ನಾಲ್ಕು ಸಲ ಒತ್ತಬೇಕಾಯಿತು. ಕರಕರ ಎಂದು ತುಂಡಾಗಿ ಅದು ಮಗುವಿನ ಮಡಿಲಿಗೆ ಬಿತ್ತು.

ಅದಿಯಾ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ನೇರ ಹೋಗಿ ಗೊಂಬೊನ ಮುಂದೆ ಕೂತು ತಲೆ ಬಗ್ಗಿಸಿದ. ಅಜ್ಜ ಹರಸಿ ಒಂದು ಎಳೆ ತೆಗೆದ. ಆಮೇಲೆ ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರೂ ತೆಗೆದೆವು. ನನ್ನ ಸರದಿ ಬಂದಾಗ ಅವನಿಗೆ ತೂಕಡಿಕೆ. ಉಳಿದದ್ದನ್ನು ಕೊನೆಗೆ ಪೂರ್ತಿ ಬೋಳಿಸಿದರು.

ನೆಂಟರು ಹೋದ ಮೇಲೆ ಯಾಂಜ್ಮಾ ಸೊಸೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಇಲಿ ಕಡಿದ ಹಾಗಿದೆಯಲ್ಲೇ. ಕೂತ್ಕೋ ಇಲ್ಲಿ."

ಸಮ ಮಾಡುತ್ತ ಕೇಳಿದಳು: "ಸಂಕಟ ಆಯ್ತಾ?"

"ಆಯ್ತು. ಕುತ್ತಿಗೆಗೆ ಹಗುರಾನೂ ಆಯ್ತು, ಅತ್ತೆ."

"ಮೂರು ಮಕ್ಕಳು ಜಗ್ಗಿ ಜಗ್ಗಿ ನನ್ನ ಕೂದಲು ಅರ್ಧ ಅವರ ಮುಷ್ಟೀಲೇ ಹೋಯ್ತು. ನೀನು ಜಾಣೆ, ಒಂದೇ ಸಲಕ್ಕೆ ಮುಗಿಸ್ದೆ."

ಮರುದಿನ ಬೆಳಿಗ್ಗೆ ಹೊರಗೆ ಬಂದರೆ ಸೊಲೊಂಗೊ ಹಾಲಿನ ಬಕೆಟ್ ಕೆಳಗಿಟ್ಟು, ಕೈಯಲ್ಲಿ ಪುಟ್ಟ ಉಣ್ಣೆ ಟೋಪಿ ಹಿಡಿದು ಓಡುತ್ತಿದ್ದಳು. ಮುಂದೆ ನುಣ್ಣನೆಯ ತಲೆಯ ಅದಿಯಾ. ತಣ್ಣನೆಯ ಗಾಳಿ ನೆತ್ತಿಗೆ ತಾಗಿದ್ದು ಅವನಿಗೆ ಅದೇ ಮೊದಲು, ಬಹಳ ಹಿಡಿಸಿತ್ತು.

"ನಿಲ್ಲೋ, ಶೀತ ಆಗುತ್ತೆ! ಅಕ್ಕಾ, ಸ್ವಲ್ಪ ಆ ಕಡೆಯಿಂದ ಹಿಡೀರಿ ಇವನನ್ನ!"

ನಾನು ತೋಳು ಅಗಲಿಸಿ ನಿಂತೆ. ಅವನು ನನ್ನ ಕೈಯ ಕೆಳಗಿನಿಂದ ನುಸುಳಿ ಮೇಕೆಗಳ ಕಡೆಗೆ ಓಡಿದ.