ಬಿಚ್ಚಿ ಎಣಿಸಿದ ಚೆಂಡು

ಬಾಳೆನಾರನ್ನು ನೀರಿನಲ್ಲಿ ನೆನೆಹಾಕಿದರೆ ಒಂದು ವಾಸನೆ ಬರುತ್ತದೆ. ಮಲ್ಲಿಗೆಯ ಪರಿಮಳದ ಬಗ್ಗೆ ಬರೆಯದವರಿಲ್ಲ. ಆದರೆ ಅದನ್ನು ಕಟ್ಟುವ ನಾರಿನ ಈ ಹಸಿಹಸಿಯಾದ, ತುಸು ಹುಳಿಯಾದ ವಾಸನೆಯ ಬಗ್ಗೆ ಯಾರಾದರೂ ಬರೆದದ್ದನ್ನು ನಾನಂತೂ ಓದಿಲ್ಲ. ಕಾಪುವಿನ ಒಳಭಾಗದಲ್ಲಿ ಮಲ್ಲಿಗೆ ಬೆಳೆಯುವ ಮನೆಗೆ ಸೊಸೆಯಾಗಿ ಬಂದವಳಿಗೆ ಗಂಡನಿಗಿಂತ ಮೊದಲು ಅಭ್ಯಾಸವಾಗಬೇಕಾದದ್ದು ಈ ವಾಸನೆ. ಇವತ್ತು ಬೆಳಿಗ್ಗೆ ಎದ್ದು ಜಗಲಿಗೆ ಬಂದಾಗ ಅದು ಮೂಗಿಗೆ ಬಡಿಯಿತು. ಮಾಮಿ ಕಾಲು ಚಾಚಿ ಕೂತು ಆಗಲೇ ಹೂ ಕಟ್ಟಿ ಮುಗಿಸಿದ್ದರು. ಮಾಮಿ ಎಂದರೆ ನನ್ನ ಅತ್ತೆ. ತುಳುವಿನಲ್ಲಿ ಹಾಗೆಯೇ ಕರೆಯುವುದು. ಮಾರಾಟಕ್ಕೆ ಹೋಗುವ ಹೂವೆಲ್ಲ ಬುಟ್ಟಿಯಲ್ಲಿತ್ತು. ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಪೊಟ್ಟಣಗಳು ಬೇರೆಯಾಗಿ ಕೂತಿದ್ದವು.

ಇದು ಸಣ್ಣ ಸಂಗತಿಯಲ್ಲ. ನಮ್ಮ ಮನೆಯಲ್ಲಿ ಹೂ ಬೆಳೆಯುತ್ತಾರೆ, ಕೊಯ್ಯುತ್ತಾರೆ, ಕಟ್ಟುತ್ತಾರೆ, ಮುಡಿಯುವುದಿಲ್ಲ. ನನ್ನ ಮದುವೆಯ ದಿನ ಒಂದನ್ನು ಬಿಟ್ಟರೆ ಮಾಮಿ ನನಗಾಗಿ ಹೂ ತೆಗೆದಿಟ್ಟದ್ದು ನೆನಪಿಲ್ಲ. “ನಮ್ಮ ತಲೆಗೆ ಎಂತಕ್ಕೆ ಹೂ? ಎಣ್ಣೆ ಸಾಕು” ಎನ್ನುವುದು ಅವರ ಸಿದ್ಧಾಂತ.

ನೀವು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಉಡುಪಿ ಮಲ್ಲಿಗೆಯನ್ನು ನಾವು ತೂಗಿ ಮಾರುವುದಿಲ್ಲ, ಮೊಳ ಹಾಕಿಯೂ ಮಾರುವುದಿಲ್ಲ. ಇಂತಿಷ್ಟೇ ಎಂದು ಮೊಗ್ಗುಗಳನ್ನು ಎಣಿಸಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೂ ಕೊಳ್ಳುವ ಕಟ್ಟೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಯಾರ ಮನೆಯದೆಂದು ಕೇಳುತ್ತಾರೆ, ತೆಗೆದಿಡುತ್ತಾರೆ. ಬಿಚ್ಚಿ ಎಣಿಸುವ ಮಾತೇ ಇಲ್ಲ. ಎಣಿಸಲು ಹೊರಟರೆ ಹೂವೂ ಹಾಳು, ಕಟ್ಟಿದವಳ ಮರ್ಯಾದೆಯೂ ಹಾಳು. ಮಾಮಿಯ ಪಾಲಿಗೆ ಅದಕ್ಕಿಂತ ದೊಡ್ಡ ಅವಮಾನ ಲೋಕದಲ್ಲಿ ಇರಲಿಲ್ಲ.

ಇನ್ನು ನನ್ನ ಬಿ.ಕಾಂ. ಪುರಾಣ. ಮೊದಲ ವರ್ಷವನ್ನು ಮಣಿಪಾಲದ ಒಂದು ಖಾಸಗಿ ಕಾಲೇಜಿನಲ್ಲಿ ಓದಿದೆ. ಅಷ್ಟರಲ್ಲಿ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದ ಸುಧಾಕರ ಎಂಬವರ ಜಾತಕ ಕೂಡಿಬಂತು. ಮದುವೆಯಾಗಿ ಅಲ್ಲಿಗೆ ಹೋದೆ. ಮನೆಯಲ್ಲಿ ಸುಮ್ಮನೆ ಕೂರಲು ಬೇಸರವಾಗಿ, ಅಲ್ಲಿ ಹೊರದೇಶದ ವಿಶ್ವವಿದ್ಯಾಲಯವೊಂದರ ಶಾಖೆಯಲ್ಲಿ ಸಂಜೆಯ ತರಗತಿಗೆ ಸೇರಿ ಎರಡನೆಯ ವರ್ಷದ ಪಾಠ ಮುಗಿಸಿದೆ. ಮಗ ಹುಟ್ಟಿದ, ಓದು ನಿಂತಿತು. ಅವನಿಗೆ ಶಾಲೆಗೆ ಹೋಗುವ ವಯಸ್ಸಾದಾಗ ಅವನನ್ನು ಕರೆದುಕೊಂಡು ಊರಿಗೆ ಬಂದೆ. ಹೀಗೆ ನನ್ನ ಕೈಯಲ್ಲಿ ಒಂದು ಡಿಗ್ರಿಯ ಮೂರರಲ್ಲಿ ಎರಡು ಪಾಲು ಇತ್ತು, ಅದೂ ಎರಡು ದೇಶಗಳಲ್ಲಿ. ಯಾರಾದರೂ ಎಂತ ಓದಿದ್ದು ಎಂದು ಕೇಳಿದರೆ ನಾನು ಕೆಮ್ಮುತ್ತಿದ್ದೆ.

ಪಡುಬಿದ್ರಿಯ ಒಂದು ಶಾಲೆಯ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಒಂದು ದಿನ ಕರೆದು, “ನಮ್ಮ ಅಕೌಂಟೆಂಟ್ ಬರುವ ವರ್ಷ ರಿಟೈರ್ ಆಗ್ತಾರೆ. ಅಷ್ಟರಲ್ಲಿ ನಿಮ್ಮ ಡಿಗ್ರಿ ಮುಗಿದ್ರೆ ಆ ಜಾಗ ನಿಮಗೆ. ಇಲ್ಲದಿದ್ರೆ ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ” ಎಂದರು. ಹಳೆಯ ಎರಡು ವರ್ಷಗಳನ್ನು ಯಾರಾದರೂ ಒಪ್ಪಿಕೊಂಡರೆ ನನಗೆ ಬೇಕಾದದ್ದು ಒಂದೇ ವರ್ಷ. ಒಪ್ಪಿಕೊಳ್ಳದಿದ್ದರೆ ಮೂರು ವರ್ಷ. ಆಗ ಆ ಕುರ್ಚಿ ಬೇರೆಯವರದು. ನನಗೆ ಆ ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಕಚೇರಿಯಲ್ಲಿ ಯಾರೂ ಇಲ್ಲದಾಗ ಅದರಲ್ಲಿ ಒಮ್ಮೆ ಕೂತು ನೋಡಿದ್ದೆ.

ಉಡುಪಿಯ ಒಂದು ಕಾಲೇಜಿಗೆ ಹೋದೆ. ಮಾಮಿಯೂ ಬಂದರು. ಕಚೇರಿ ಎಂದರೆ ಅವರಿಗೆ ಮದುವೆಮನೆಯಷ್ಟೇ ಇಷ್ಟ. ಒಳ್ಳೆಯ ಸೀರೆ ಉಟ್ಟು, ಹ್ಯಾಂಡ್‌ಬ್ಯಾಗ್ ಹಿಡಿದು ಹೊರಡುತ್ತಾರೆ. ಅಲ್ಲಿ ಕಿಟಕಿಯ ಹಿಂದಿದ್ದವರು ನನ್ನ ಅಂಕಪಟ್ಟಿಗಳನ್ನು ಮೇಲಿಂದ ಕೆಳಗೆ ನೋಡಿ, “ಮಣಿಪಾಲದ್ದು ಸರಿ. ಮಸ್ಕತ್ತಿನದ್ದು ಪ್ರತಿ ಪೇಪರಿಗೂ ಮೂರು ಕ್ರೆಡಿಟ್. ನಮ್ಮದು ನಾಲ್ಕು. ಆಗುದಿಲ್ಲ ಮೇಡಂ” ಎಂದರು. ಹಳೆಯದನ್ನು ಮರೆತು ಹೊಸದಾಗಿ ಮೊದಲಿನಿಂದ ಸೇರಿಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟರು. ನಾನು ಮಸ್ಕತ್ತಿನಲ್ಲಿ ನಿದ್ದೆಗೆಟ್ಟು ಓದಿದ ಒಂದು ವರ್ಷ ಆ ಕಿಟಕಿಯ ಹೊರಗೇ ಉಳಿಯಿತು.

ಕ್ರೆಡಿಟ್ ಎಂದರೆ ಒಂದು ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಪಾಠವಾಯಿತೆಂಬ ಲೆಕ್ಕ ಎಂದು ಬಸ್ಸಿನಲ್ಲಿ ಮಾಮಿಗೆ ವಿವರಿಸಿದೆ. ಈಗಿನ ಮಕ್ಕಳ ಕ್ರೆಡಿಟ್‌ಗಳನ್ನು ಜಮಾ ಮಾಡಲು ಆನ್‌ಲೈನಿನಲ್ಲಿ ಒಂದು ಬ್ಯಾಂಕೇ ಉಂಟು, ನನ್ನವು ಅದಕ್ಕಿಂತ ಹಳೆಯವು ಎಂದೂ ಹೇಳಿದೆ. ಬ್ಯಾಂಕು ಎಂದೊಡನೆ ಮಾಮಿಯ ಕಿವಿ ನೆಟ್ಟಗಾಯಿತು. ಮೂಲೆಮೂಲೆಯಲ್ಲಿ ಬ್ಯಾಂಕು ಹುಟ್ಟಿದ ಜಿಲ್ಲೆಯವರಲ್ಲವೇ!

“ಯಾವ ಬ್ರಾಂಚಿನಲ್ಲಿ? ನಮ್ಮ ಪರಿಚಯದವರು ಯಾರಾದ್ರೂ ಇದ್ದಾರಾ?”

“ಬ್ರಾಂಚ್ ಇಲ್ಲ ಮಾಮಿ, ಕಂಪ್ಯೂಟರಿನಲ್ಲಿ.”

“ಪಾಸ್‌ಬುಕ್ ಕೊಡದ ಬ್ಯಾಂಕ್ ಎಂತ ಬ್ಯಾಂಕ್ ಮಾರಾಯ್ತಿ” ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಆಮೇಲೆ ಯಾರೋ ಕಾರ್ಕಳದ ಒಂದು ಕಾಲೇಜಿನ ಹೆಸರು ಹೇಳಿದರು. ಅಲ್ಲಿನ ವಾಣಿಜ್ಯ ವಿಭಾಗದ ಮೇಡಂ ಬೇರೆ ಕಡೆ ಓದಿದವರ ಪೇಪರುಗಳನ್ನು ಕೂತು ನೋಡುತ್ತಾರಂತೆ. ಪಡುಬಿದ್ರಿಯಲ್ಲಿ ಬಸ್ ಬದಲಾಯಿಸಿ, ಬೆಳ್ಮಣ್ಣಿನ ದಾರಿಯಲ್ಲಿ ಹೊರಟೆವು. ಆ ರಸ್ತೆಯಲ್ಲಿ ಓಡುವ ನಮ್ಮ ಖಾಸಗಿ ಬಸ್ಸುಗಳ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬಹುದು. ಮಾಮಿ ಮಾತ್ರ ತೊಡೆಯ ಮೇಲೆ ಒಂದು ಬಾಳೆಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ತಿರುವಿನಲ್ಲೂ ಅದನ್ನು ಮಗುವಿನಂತೆ ಎತ್ತಿಕೊಳ್ಳುತ್ತಿದ್ದರು. ಮೇಡಮಿಗೆ ಕೊಡಲು ತಂದ ಚೆಂಡು ಅದು. ಬರಿಗೈಯಲ್ಲಿ ಹೋಗುವ ಕ್ರಮ ಅವರದಲ್ಲ.

ಮೇಡಂ ನಿಧಾನದ ಮನುಷ್ಯೆ. ಅಂಕಪಟ್ಟಿಗಳನ್ನು ಓದಿ, ಕನ್ನಡಕ ತೆಗೆದು, “ಇಷ್ಟೇ ಸಾಕಾಗುದಿಲ್ಲ. ಮಸ್ಕತ್ತಿನ ಪ್ರತಿ ಪೇಪರಿನ ಸಿಲೆಬಸ್ ಬೇಕು. ಒಳಗೆ ಎಂತೆಲ್ಲ ಉಂಟು, ಎಷ್ಟು ಗಂಟೆ ಪಾಠ ಮಾಡಿದ್ದಾರೆ, ಎಲ್ಲ ಬಿಚ್ಚಿ ನೋಡ್ಬೇಕು” ಎಂದರು.

ಮಾಮಿ ಎದ್ದು ನಿಂತರು.

“ಬಿಚ್ಚಿ ನೋಡುದಾ?” ನನ್ನ ಹತ್ತಿರ ತುಳು ಮಾತಾಡುವ ಮಾಮಿ ಹೊರಗಿನವರ ಹತ್ತಿರ ಶಾಲೆಯಲ್ಲಿ ಕಲಿತ ಕನ್ನಡವನ್ನು ಇಸ್ತ್ರಿ ಮಾಡಿ ಮಾತಾಡುತ್ತಾರೆ. “ಮೇಡಂ, ಆ ದೇಶದವರು ಸೀಲು ಹಾಕಿ ಕೊಟ್ಟಿದ್ದಾರೆ. ನಮ್ಮ ಹುಡುಗಿ ಕದ್ದು ತಂದದ್ದಲ್ಲ. ಒಮ್ಮೆ ಕಟ್ಟಿ ಆದ ಮೇಲೆ ಬಿಚ್ಚಿ ಎಣಿಸುವುದು ಮರ್ಯಾದಸ್ಥರ ಕ್ರಮ ಅಲ್ಲ.”

ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾಮಿ ಮೇಜಿನ ಮೇಲಿದ್ದ ನನ್ನ ಫೈಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, “ಬಾ, ಹೋಗುವ” ಎಂದು ಹೊರಟೇಬಿಟ್ಟರು. ಇಲ್ಲಿ ನನ್ನ ಬುದ್ಧಿವಂತಿಕೆಯನ್ನೂ ನೀವು ಗಮನಿಸಬೇಕು. ಇಡೀ ಜಿಲ್ಲೆಯಲ್ಲಿ ನನಗೆ ಸಹಾಯ ಮಾಡಬಹುದಾಗಿದ್ದ ಒಬ್ಬರೇ ಒಬ್ಬರ ಎದುರಿನಿಂದ ಎದ್ದು, ಗತ್ತಿನಿಂದ, ಮಾಮಿಯ ಹಿಂದೆಯೇ ನಡೆದೆ. ಮಲ್ಲಿಗೆಮನೆಯ ಗಾಳಿ ನನಗೂ ತಾಗಿತ್ತು. ನನ್ನನ್ನು ಎಣಿಸಲು ಇವರು ಯಾರು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲಿಗೆ ಹೊಕ್ಕೆವು. ಬನ್ಸ್ ಬಿಸಿಯಾಗಿತ್ತು. ಸಿಟ್ಟು ಬಂದಾಗ ಬನ್ಸ್ ತಿನ್ನಬೇಕು. ಬಾಳೆಹಣ್ಣಿನ ಆ ಸಿಹಿಯೊಂದಿಗೆ ಜಗಳ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರ್ಧ ಬನ್ಸ್ ಮುಗಿಯುವಾಗ ಮಾಮಿ ಕೇಳಿದರು:

“ಈ ಮೇಡಂ ಆಗುದಿಲ್ಲ ಅಂತ ಹೇಳಿದ್ರಾ?”

“ಇಲ್ಲ.”

“ಉಡುಪಿಯವರು?”

“ಅವರು ಆಗುದಿಲ್ಲ ಅಂತಲೇ ಹೇಳಿದ್ದು.”

“ಅವರು ಬಿಚ್ಚಿ ನೋಡಿದ್ರಾ?”

“ಎಲ್ಲಿ? ಹೊರಗಿನಿಂದ ನೋಡಿ ವಾಪಸ್ ಕೊಟ್ರು.”

ಮಾಮಿ ಅಗಿಯುವುದನ್ನು ನಿಲ್ಲಿಸಿದರು. “ಹಾಗಾದ್ರೆ ನಾವು ಜಗಳ ಮಾಡ್ಬೇಕಾದ್ದು ಅವರ ಹತ್ರ, ಮಾಡಿದ್ದು ಇವರ ಹತ್ರ. ಅಲ್ವಾ?”

ಅಲ್ವಾ ಎಂದರೆ ನಾನೇನು ಹೇಳಲಿ? ಇಬ್ಬರಿಗೂ ಇದ್ದಕ್ಕಿದ್ದಂತೆ ನಗು ಬಂತು. ಮಾಮಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಸೆರಗಿನಲ್ಲಿ ಒರೆಸಿಕೊಂಡು, “ಏಳು. ಬೇಗ. ಅವರು ಊಟಕ್ಕೆ ಎದ್ದು ಹೋದ್ರೆ ಕಷ್ಟ” ಎಂದರು.

ಮೇಡಂ ಊಟದ ಡಬ್ಬಿ ತೆರೆದು ಕೂತಿದ್ದರು. ನಮ್ಮನ್ನು ಕಂಡು, “ಎಂತ, ಬಸ್ ಸಿಗ್ಲಿಲ್ವಾ?” ಎಂದು ಕೇಳಿದರು. ಮಾಮಿ ಫೈಲನ್ನು ಎಲ್ಲಿಂದ ಎತ್ತಿದ್ದರೋ ಅದೇ ಜಾಗದಲ್ಲಿ ಇಟ್ಟರು. ಉಡುಪಿಯಲ್ಲಿ ಆದದ್ದನ್ನು ತಿಳಿಸಿ, ಆಮೇಲೆ ಚೆಂಡಿನ ಕಥೆ ಹೇಳಿದರು: ಎಣಿಸಿ ಕಟ್ಟುವುದು, ಕಟ್ಟೆಯವರ ನಂಬಿಕೆ, ಮರ್ಯಾದೆ ಎಲ್ಲವನ್ನೂ. ಮೇಡಂ ಪೂರ್ತಿ ಕೇಳಿದರು.

“ಅಮ್ಮಾ, ನಿಮ್ಮ ಚೆಂಡಿನಲ್ಲಿ ಹೂ ಕಡಿಮೆ ಉಂಟು ಅಂತ ನಾನು ಬಿಚ್ಚುದಲ್ಲ. ಕಡಿಮೆ ಅಂತ ಬೇರೆಯವರು ಹೇಳಿ ಆಗಿದೆಯಲ್ಲ. ಅದು ಹೌದೋ ಅಲ್ಲವೋ ಅಂತ ಎಣಿಸದೆ ಹೇಗೆ ಗೊತ್ತಾಗುದು?”

ಮಾತಿನಲ್ಲಿ ಸೋತಾಗ ಮಾಮಿ ಕೈಯಲ್ಲಿ ಇದ್ದದ್ದನ್ನು ಕೊಟ್ಟುಬಿಡುತ್ತಾರೆ. ಬಾಳೆಲೆಯ ಪೊಟ್ಟಣವನ್ನು ಮುಂದಕ್ಕೆ ತಳ್ಳಿದರು. ಮೇಡಂ ಅದನ್ನು ಮೂಗಿನ ಹತ್ತಿರ ಹಿಡಿದು, ಆಸೆಯಿಂದ ಒಮ್ಮೆ ಉಸಿರೆಳೆದು, ವಾಪಸ್ ಕೊಟ್ಟರು. “ಈಗ ತಗೊಂಡ್ರೆ ಲಂಚ ಆಗ್ತದೆ. ಇವರ ಡಿಗ್ರಿ ಆದ ದಿನ ತನ್ನಿ. ಆವತ್ತು ಖಂಡಿತ ಮುಡೀತೇನೆ.”

ಮಸ್ಕತ್ತಿನಲ್ಲಿ ನಾನು ಓದಿದ ಸಂಸ್ಥೆ ಆ ಹೊತ್ತಿಗೆ ಬೇರೆ ಕಟ್ಟಡಕ್ಕೆ ಹೋಗಿತ್ತು. ಸುಧಾಕರ ಕೆಲಸಕ್ಕೆ ರಜೆ ಹಾಕಿ ಹುಡುಕಿಕೊಂಡು ಹೋಗಿ, ಪ್ರತಿ ಪೇಪರಿನ ಸಿಲೆಬಸ್ಸಿಗೂ ಸಹಿ, ಮೊಹರು ಹಾಕಿಸಿ ಕಳಿಸಿದರು. ಮದುವೆಯಾದ ಮೇಲೆ ಅವರು ನನಗೆ ಕಳಿಸಿದ ಎಲ್ಲ ಪಾರ್ಸೆಲುಗಳಲ್ಲಿ ಅದೇ ಒಳ್ಳೆಯದು. ಹಾಗೆಂದು ಅವರಿಗೆ ಹೇಳಿಯೂ ಇದ್ದೇನೆ. ಅದನ್ನು ಮೇಡಮಿಗೆ ತಲುಪಿಸಿ ಕಾಯುತ್ತಾ ಕೂತೆ. ಆ ದಿನಗಳಲ್ಲಿ ಹೂ ಕಟ್ಟಲು ಕೂತರೆ ಮೊಗ್ಗು ಬಿಗಿಯಾಗದೆ ಜಾರುತ್ತಿತ್ತು. ಮಾಮಿ ಬೈಯಲಿಲ್ಲ. ನಾನು ಕಟ್ಟಿದ್ದನ್ನು ಸದ್ದಿಲ್ಲದೆ ಸರಿಮಾಡುತ್ತಿದ್ದರು.

ಫೋನು ಬಂದದ್ದು ಶಾಲೆಯ ಕಚೇರಿಯಲ್ಲಿದ್ದಾಗ.

“ನೀವು ಅಲ್ಲಿ ವಾರಕ್ಕೊಮ್ಮೆ ಪ್ರಾಕ್ಟಿಕಲ್ ಮಾಡ್ತಿದ್ರಾ?” ಮೇಡಂ ಕೇಳಿದರು.

ಮಾಡುತ್ತಿದ್ದೆ. ರಜೆಯ ದಿನ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂರಿಸಿ ಲೆಕ್ಕ ಮಾಡಿಸುತ್ತಿದ್ದರು. ಊರೆಲ್ಲ ಮಲಗಿರುವಾಗ ಅವರನ್ನು ಶಪಿಸುತ್ತಾ ಹೋಗುತ್ತಿದ್ದೆ.

“ಅದನ್ನು ಅವರು ಕ್ರೆಡಿಟ್ಟಿಗೆ ಹಿಡಿದೇ ಇಲ್ಲ ನೋಡಿ. ಬರೀ ಪಾಠಕ್ಕೆ ಮೂರು ಕೊಟ್ಟಿದ್ದಾರೆ. ನಮ್ಮ ನಿಯಮದಲ್ಲಿ ಪ್ರಾಕ್ಟಿಕಲ್ಲಿಗೂ ಒಂದು ಉಂಟು. ಮೂರಕ್ಕೆ ಒಂದು ಸೇರಿಸಿ. ಎಲ್ಲ ಪೇಪರೂ ಹಾಗೆಯೇ. ಎರಡರಲ್ಲಿ ನಮಗಿಂತ ಜಾಸ್ತಿಯೇ ಪಾಠ ಆಗಿದೆ. ಯೂನಿವರ್ಸಿಟಿಯವರು ತತ್ಸಮಾನ ಅಂತ ಒಪ್ಪಿದ್ದಾರೆ. ಫೈನಲ್ ಇಯರಿಗೆ ಬಂದು ಸೇರಿ.”

ನಾನು ಆ ಕುರ್ಚಿಯ ಕಡೆ ನೋಡಿದೆ. ಅಕೌಂಟೆಂಟರು ಅದರಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಪಾಪ, ನಾನು ಯಾಕೆ ಹಾಗೆ ಹಲ್ಲು ಕಿರಿಯುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ.

ಮನೆಗೆ ಓಡಿಬಂದು ಹೇಳಿದಾಗ ಮಾಮಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಪೈಪನ್ನು ಹಾಗೇ ಕೆಳಗೆ ಹಾಕಿ, ಸೊಂಟಕ್ಕೆ ಕೈ ಇಟ್ಟು, “ಜಾಸ್ತಿ ಬಂತಾ?” ಎಂದರು.

“ಜಾಸ್ತಿ ಬಂತು ಮಾಮಿ.”

“ಬಾರದೆ ಎಲ್ಲಿಗೆ ಹೋಗ್ತದೆ! ನಾನು ಯಾವತ್ತೂ ನಾಲ್ಕು ಮೊಗ್ಗು ಜಾಸ್ತಿ ಹಾಕಿಯೇ ಕಟ್ಟುದು. ಯಾರೂ ಬಿಚ್ಚುದಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ.” ಪೈಪಿನ ನೀರು ಅಂಗಳದಲ್ಲಿ ಹರಿದುಹೋಗುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಆಮೇಲಿನ ವರ್ಷ ಬೆಳಿಗ್ಗೆ ಕಾರ್ಕಳ, ಮಧ್ಯಾಹ್ನದ ಮೇಲೆ ಪಡುಬಿದ್ರಿ. ತರಗತಿಯಲ್ಲಿ ಹುಡುಗಿಯರು ಮೊದಲ ದಿನ ನಾನು ಪಾಠ ಮಾಡಲು ಬಂದವಳೆಂದು ಎದ್ದು ನಿಂತರು. ಮಸ್ಕತ್ತಿನಲ್ಲಿ ಕನ್ನಡದ ಪೇಪರು ಇಲ್ಲದ ಕಾರಣ, ಅದೊಂದನ್ನು ಹೆಚ್ಚುವರಿಯಾಗಿ ಬರೆಯಬೇಕಾಯಿತು. ಪತ್ರಿಕೆಗಳಿಗೆ ಆಗಾಗ ಪ್ರಬಂಧ ಕಳಿಸಿ ನಾನೊಬ್ಬಳು ಲೇಖಕಿ ಎಂದುಕೊಂಡಿದ್ದವಳಿಗೆ ಪ್ರಬಂಧದ ಪ್ರಶ್ನೆಯಲ್ಲಿಯೇ ಅಂಕ ಕಡಿಮೆ ಬಂತು. ಆದರೂ ಪಾಸಾದೆ. ಎಲ್ಲದರಲ್ಲೂ ಪಾಸಾದೆ, ಪ್ರಥಮ ದರ್ಜೆಯಲ್ಲಿ. ಆ ಕುರ್ಚಿ ಈಗ ನನ್ನದು. ಅದರ ಒಂದು ಕಾಲು ಅಲ್ಲಾಡುತ್ತದೆ ಎಂದು ಕೂತ ಮೇಲೆ ಗೊತ್ತಾಯಿತು. ಅದೂ ನನಗೆ ಇಷ್ಟವೇ.

ಇವತ್ತು ಕಾರ್ಕಳದ ಕಾಲೇಜಿನಲ್ಲಿ ಪದವಿ ಪ್ರದಾನ. ಪೊಟ್ಟಣಗಳು ಯಾಕೆ ಬೇರೆ ಕೂತಿದ್ದವೆಂದು ನಿಮಗೀಗ ತಿಳಿದಿರಬೇಕು. ನಾನು ಸೀರೆ ಉಟ್ಟು ಹೊರಗೆ ಬಂದಾಗ ಮಾಮಿ ಒಳ್ಳೆಯ ಸೀರೆಯಲ್ಲಿ, ಹ್ಯಾಂಡ್‌ಬ್ಯಾಗ್ ಹಿಡಿದು ತಯಾರಾಗಿದ್ದರು. ಒಂದು ಪೊಟ್ಟಣವನ್ನು ಜಾಗ್ರತೆಯಾಗಿ ಚೀಲಕ್ಕೆ ಹಾಕಿದರು.

“ಇದು ಮೇಡಮಿಗೆ. ಬೇಕಾದ್ರೆ ಬಿಚ್ಚಿ ಎಣಿಸ್ಲಿ ಅಂತ ಹೇಳ್ಬೇಕು.”

“ಇನ್ನೊಂದು?”

ಮಾಮಿ ನನ್ನ ಭುಜ ಹಿಡಿದು ತಿರುಗಿಸಿ, ಇನ್ನೊಂದು ಚೆಂಡನ್ನು ಬಾಳೆಲೆಯಿಂದ ತೆಗೆದು ನನ್ನ ಜಡೆಗೆ ಮುಡಿಸತೊಡಗಿದರು. ಎಷ್ಟು ಹೂವೋ! ಕುತ್ತಿಗೆ ಒಂದು ಬದಿಗೆ ವಾಲುವಷ್ಟು ಭಾರ.