ತಮ್ಮನ ಬುಕಿಂಗಿನಲ್ಲಿ ಐದನೆಯವಳು

ಅವಳು ಹೋದ ಮೇಲೆ ನಮ್ಮ ಅಂಗಡಿಯ ಹಿಂದಿನ ಕೋಣೆಯ ಸದ್ದೇ ಬೇರೆಯಾಗಿದೆ. ಹೊಸದಾಗಿ ಬಂದವನು ಲೆನ್ಸನ್ನು ಉಜ್ಜುವ ಕಲ್ಲಿಗೆ ಒತ್ತಿ ಹಿಡಿಯುತ್ತಾನೆ, ಕೀರಲು ಸದ್ದು ಏಳುತ್ತದೆ. ಅವಳು ಕೂತಿದ್ದಾಗ ಯಾರೋ ಪಕ್ಕದ ಮನೆಯಲ್ಲಿ ಮರಳು ಜರಡಿ ಹಿಡಿಯುತ್ತಿದ್ದಾರೇನೋ ಎನ್ನುವ ಹಾಗೆ ಸಣ್ಣಗೆ, ಬಿಡದೆ ಕೇಳಿಸುತ್ತಿತ್ತು.

ನಮ್ಮದು ಕನ್ನಡಕದ ಅಂಗಡಿ. ಮುಂದಿನ ಕೌಂಟರಿನಲ್ಲಿ ಗಿರಾಕಿಗಳ ಮೂಗು, ಕಿವಿ, ಜಂಬ ಎಲ್ಲವನ್ನೂ ಅಳೆಯುವುದು ನನ್ನ ಕೆಲಸ. ಫ್ರೇಮಿಗೆ ತಕ್ಕ ಹಾಗೆ ಲೆನ್ಸ್ ಉಜ್ಜಿ ಕೂರಿಸುವುದು ಅವಳದು. ಇಷ್ಟು ವರ್ಷ ಇಬ್ಬರ ನಡುವೆ ಇದ್ದದ್ದು ಒಂದು ಪರದೆ, ಅದೂ ಸದಾ ಅರ್ಧ ಸರಿದದ್ದು. ಎಲ್ಲರದಕ್ಕಿಂತ ದಪ್ಪ ಕನ್ನಡಕ ಅವಳದೇ ಆಗಿತ್ತು. ‘ಸೋಡಾಬುಡ್ಡಿ’ ಎಂದು ಹೆಸರಿಟ್ಟವರು ಅಂಗಡಿಯ ಯಜಮಾನರು. “ಸೋಡಾ ನನಗಿರ್ಲಿ, ಬುಡ್ಡಿ ನೀವೇ ಇಟ್ಕೊಳ್ಳಿ, ನಿಮ್ಮ ಹೊಟ್ಟೆಗೆ ಸರಿಹೋಗುತ್ತೆ” ಎಂದು ಅವರ ಮುಖಕ್ಕೇ ಹೇಳಿದ್ದಳು. ಅಲ್ಲಿಂದ ಅವಳು ಎಲ್ಲರಿಗೂ ಸೋಡಾ.

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವಳು ಓದು ಬಿಟ್ಟು ಈ ಕಲ್ಲಿನ ಮುಂದೆ ಬಂದು ಕೂತಳು. ತಮ್ಮ ಆಗ ಪ್ರಾಥಮಿಕ ಶಾಲೆಯಲ್ಲಿದ್ದ. ಅವನನ್ನು ಓದಿಸಿದಳು, ಬಣ್ಣದ ಡಬ್ಬಿಗಳ ಅಂಗಡಿ ಹಾಕಿಸಿದಳು, ಮದುವೆ ಮಾಡಿಸಿದಳು. ತಾನು ಮದುವೆಯಾಗಲಿಲ್ಲ. ಆ ವಿಷಯ ಎತ್ತಿದವರಿಗೆ, “ನನ್ನ ಮುಖಕ್ಕೆ ಫ್ರೇಮ್ ಸ್ಟಾಕ್ ಇಲ್ವಂತೆ” ಎನ್ನುತ್ತಿದ್ದಳು. ತಮ್ಮನ ಮನೆಯಲ್ಲೇ, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಇದ್ದಳು. ಅವನ ಇಬ್ಬರು ಹೆಣ್ಣುಮಕ್ಕಳು ಅವಳ ಮಗ್ಗುಲಲ್ಲೇ ಮಲಗಿ ಬೆಳೆದವರು.

ತಮ್ಮ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಅವಳು ಕೊನೆಯವರೆಗೂ ಇದನ್ನೇ ಹೇಳುತ್ತಿದ್ದಳು. ಅವನಿಗೆ ರಿಯಾಯಿತಿ ಎಂದರೆ ಕೈ ತಡೆಯುವುದಿಲ್ಲ, ಅಷ್ಟೇ. ಹೋದ ವರ್ಷದ ಫ್ರೇಮೇ ಕೊಡಿ ಎಂದು ನಮ್ಮಲ್ಲೇ ಚೌಕಾಸಿ ಮಾಡುತ್ತಿದ್ದ. “ಕಣ್ಣಿಗೂ ಒಂದಕ್ಕೊಂದು ಫ್ರೀ ಕೇಳೋ ಜಾತಿ ಇವನು” ಎಂದು ಅವಳು ಪರದೆಯ ಹಿಂದಿನಿಂದ ಕೂಗುತ್ತಿದ್ದಳು.

ಕಳೆದ ಬೇಸಿಗೆಯ ಹೊತ್ತಿಗೆ ಅವಳಿಗೆ ಊಟ ಸೇರುವುದು ನಿಂತಿತ್ತು. ಒಬ್ಬಳೇ ಆಸ್ಪತ್ರೆಗೆ ಹೋಗಿ ಗಂಟಲಿಗೆ ನಳಿಕೆ ಇಳಿಸಿ ನೋಡಿಸಿಕೊಂಡು ಬಂದಳು. ಜಠರದಲ್ಲಿ ಗಡ್ಡೆ. ಮನೆಯವರು ಯಾರಾದರೂ ಬಂದಿದ್ದಾರಾ ಎಂದು ಡಾಕ್ಟರು ಕೇಳಿದರಂತೆ. “ನಾನೇ ಮನೆಯವಳು” ಎಂದಳಂತೆ. ಅವರು ನಗಲಿಲ್ಲ. ತಡಮಾಡದೆ ಆಪರೇಷನ್ ಆಗಬೇಕು, ಜವಾಬ್ದಾರಿ ಇರುವವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಬನ್ನಿ ಎಂದು ಕಳಿಸಿದರು.

“ಇವತ್ತೇ ತಮ್ಮನಿಗೆ ಹೇಳು” ಎಂದೆ.

“ಯಾವಾಗ ಹೇಳ್ಲಿ? ಬೆಳಿಗ್ಗೆ ಷೂ ಹಾಕ್ಕೋತಾ ಇರ್ತಾನೆ, ಸಾಯಂಕಾಲ ಫೋನು ಕಿವೀಲಿರುತ್ತೆ. ಬಾಗಿಲಲ್ಲಿ ನಿಂತು ಹೇಳೋ ಮಾತೇನೇ ಇದು? ಆಮೇಲೆ ಮಾತಾಡೋಣ ಅಕ್ಕ ಅಂತಾನೆ. ಅಷ್ಟಂದ್ರೆ ನನಗೆ ಮತ್ತೆ ಬಾಯಿ ಬರಲ್ಲ.”

ಅವಳೇ ಒಂದು ದಾರಿ ಹುಡುಕಿದಳು. ಪ್ರತಿ ವರ್ಷ ತಮ್ಮ, ಅವನ ಹೆಂಡತಿ, ಮಕ್ಕಳು ಕೆರೆಯ ದಂಡೆಯ ಒಂದು ರೆಸಾರ್ಟಿಗೆ ಹೋಗುತ್ತಿದ್ದರು. ನಾಲ್ಕು ಜನರ ಕೋಣೆ. ಇವಳು ಮನೆಗೆ ಕಾವಲು. ಈ ಸಲ ತಾನೂ ಹೋಗುವುದು. ಅಲ್ಲಿ ಅವನಿಗೆ ಅಂಗಡಿಯಿಲ್ಲ, ಗಿರಾಕಿಯಿಲ್ಲ. ಊಟಕ್ಕೆಂದು ಎಲ್ಲರೂ ಒಂದು ಮೇಜಿನ ಸುತ್ತ ಕೂತೇ ಕೂರುತ್ತಾರೆ. ಮಕ್ಕಳು ಉಂಡು ಆಟಕ್ಕೆ ಎದ್ದ ಮೇಲೆ ನಿಧಾನವಾಗಿ ಹೇಳುವುದು.

“ನಾನೂ ಬರ್ಲೇನೋ?” ಎಂದು ಕೇಳಿದಳು. ಅವನನ್ನು ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವನಿಗೆ ಖುಷಿಯೇ ಆಯಿತಂತೆ. “ಅದಕ್ಕೇನಕ್ಕ, ಸೇರಿಸಿಬಿಡ್ತೀನಿ” ಎಂದು ಅವಳೆದುರೇ ರೆಸಾರ್ಟಿಗೆ ಫೋನ್ ಮಾಡಿದ. ಕೋಣೆಗೆ ಐದನೆಯವರನ್ನು ಸೇರಿಸಲು ಎರಡು ದರವಿತ್ತು. ಅತಿಥಿಯಾದರೆ ಒಂದು, ಮಕ್ಕಳನ್ನು ನೋಡಿಕೊಳ್ಳಲು ಬರುವವರಾದರೆ ಅದರ ಅರ್ಧವೂ ಇಲ್ಲ. ಅವನು ದರ ಕೇಳಿಸಿಕೊಂಡ, ಮಿಕ್ಕದ್ದನ್ನು ಕೇಳಿಸಿಕೊಳ್ಳಲಿಲ್ಲ. “ಹ್ಞಾಂ, ಹಾಗೇ ಹಾಕ್ಕೊಳ್ಳಿ. ಹೇಗೂ ಮಕ್ಕಳು ಅವಳ ಹತ್ರಾನೇ ಇರೋದು” ಎಂದ. ಅವಳು ಅದನ್ನು ಮೆಚ್ಚುಗೆ ಎಂದುಕೊಂಡಳು.

ಹೊರಡುವ ಮುನ್ನ ಹೊಸ ಚಪ್ಪಲಿ ಕೊಂಡಳು. ಹೇಳಬೇಕಾದ್ದನ್ನು ನನ್ನೆದುರು ಎರಡು ಸಲ ಹೇಳಿ ನೋಡಿದಳು. ಎರಡನೆಯ ಸಲ, ನಾನು ತಮ್ಮನಾಗಿ ಕೂತು “ಆಮೇಲೆ ಮಾತಾಡೋಣ ಅಕ್ಕ” ಎಂದಾಗ, ಕೈಯಲ್ಲಿದ್ದ ಲೆನ್ಸ್ ಒರೆಸುವ ಬಟ್ಟೆಯನ್ನು ನನ್ನ ಮೇಲೆ ಎಸೆದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡೇ ಇದ್ದಳು.

ಮುಂದಿನದನ್ನೆಲ್ಲ ಅವಳು ವಾಪಸು ಬಂದು ಹೇಳಿದ್ದು. ರೆಸಾರ್ಟಿನ ಸ್ವಾಗತದ ಹುಡುಗಿ ಎಲ್ಲರ ಮಣಿಕಟ್ಟಿಗೂ ಕಾಗದದ ಪಟ್ಟಿ ಸುತ್ತಿದಳು. ನಾಲ್ವರಿಗೆ ನೀಲಿ, ಇವಳಿಗೆ ಬೂದಿ ಬಣ್ಣದ್ದು. ತಮ್ಮ ಆಗ ಕಾರಿನಿಂದ ಪೆಟ್ಟಿಗೆ ಇಳಿಸುತ್ತಿದ್ದ. ಬಣ್ಣದ ಅರ್ಥ ತಿಳಿದದ್ದು ಮಧ್ಯಾಹ್ನ, ಊಟದ ಹಾಲಿನ ಬಾಗಿಲಲ್ಲಿ.

“ಅಮ್ಮಾ, ನಿಮ್ಮದು ಇಲ್ಲಲ್ಲ. ಹಿಂದ್ಗಡೆ. ಡ್ರೈವರುಗಳು, ಆಯಾಗಳು ಎಲ್ಲಾ ಅಲ್ಲೇ” ಎಂದ ಬಾಗಿಲ ಬಳಿಯವನು. ಅವನ ದನಿಯಲ್ಲಿ ಒರಟಿರಲಿಲ್ಲವಂತೆ.

ಚಿಕ್ಕ ಮಗಳು “ಅತ್ತೇ, ಬಾ” ಎಂದು ಸೆರಗು ಎಳೆಯುತ್ತಿದ್ದಳು. ತಮ್ಮನ ಹೆಂಡತಿ ತಟ್ಟೆಗಳ ಕಡೆ ನೋಡಿದಳು. ಒಳಗೆ ಹೋಗಿದ್ದ ತಮ್ಮ ಓಡಿ ಬಂದ. “ಅಯ್ಯೋ, ಇದೇನ್ರೀ ಇದು? ಇವರು ನಮ್ಮಕ್ಕ!”

“ತೊಂದರೆ ಇಲ್ಲ ಸಾರ್, ಬದಲಾಯಿಸಬಹುದು” ಎಂದು ಅಲ್ಲಿಗೆ ಬಂದ ಸ್ವಾಗತದವರು ಹೇಳಿದರು. “ಮೂರು ದಿನದ್ದೂ ಅತಿಥಿ ದರ ಆಗುತ್ತೆ, ಅಷ್ಟೇ.”

ತಮ್ಮ ಸುಮ್ಮನೆ ನಿಂತ. ಎಷ್ಟು ಹೊತ್ತು ಎಂದು, ಅವಳು ಇದನ್ನು ಹೇಳುವಾಗ, ನಾನು ಕೇಳಿದೆ. “ಒಂದು ಉಸಿರು ಎಳ್ಕೊಳ್ಳೋವಷ್ಟು ಕಣೇ. ಆದ್ರೆ ನಾನು ಅವನನ್ನ ಎತ್ತಿ ಆಡಿಸಿದವಳು, ಅವನು ಮನಸ್ಸಲ್ಲಿ ಲೆಕ್ಕ ಕೂಡ್ತಿದ್ರೆ ನನಗೆ ಗೊತ್ತಾಗಲ್ವಾ? ತುಟಿ ಅಲ್ಲಾಡುತ್ತೆ ಅವನಿಗೆ.”

“ಬಿಡೋ, ನನಗೆ ಹಸಿವೇ ಇಲ್ಲ. ಹಿಂದ್ಗಡೇನೇ ಗಾಳಿ ಚೆನ್ನಾಗಿರುತ್ತೆ” ಎಂದು ಅಲ್ಲಿ ಅವನಿಗೆ ಹೇಳಿದಳಂತೆ.

“ನಿಜವಾಗ್ಲೂನಾ ಅಕ್ಕ?” ಎಂದ. ಅವಳು ತಲೆಯಾಡಿಸಿದಳು. ಅವನು ಒಳಗೆ ಹೋದ.

ಹಿಂದಿನ ಶೆಡ್ಡಿನಲ್ಲಿ ಉದ್ದನೆಯ ಬೆಂಚು, ಸ್ಟೀಲ್ ತಟ್ಟೆಗಳು, ಗೋಡೆಗೆ ಒರಗಿಸಿದ ಮಡಚುವ ಮಂಚಗಳು. ಇನ್ನೊಂದು ಕುಟುಂಬದ ಆಯಾ ಜರುಗಿ ಜಾಗ ಕೊಟ್ಟಳು.

“ಯಾರ ಮನೇಲಿ ಕೆಲ್ಸ ನಿಮಗೆ?”

“ತಮ್ಮನ ಮನೇಲಿ.”

“ಸ್ವಂತ ತಮ್ಮ? ಸಂಬಳ ಕೊಡ್ತಾನಾ ಸರಿಯಾಗಿ?”

“ಬಾಕಿ ಇಟ್ಟಿದಾನೆ” ಎಂದಳು ಸೋಡಾ. ಬೆಂಚಿನಲ್ಲಿದ್ದ ಡ್ರೈವರುಗಳೂ ನಕ್ಕರು. ತಾನೂ ನಕ್ಕಳಂತೆ. ಹೀಗೆ ಮೂರು ದಿನ, ಎಲ್ಲ ಊಟವೂ, ರಾತ್ರಿ ಮಲಗುವುದೂ ಅಲ್ಲೇ. ಮಿಕ್ಕ ಹೊತ್ತು ನೀರಿನ ಹತ್ತಿರ ಮಕ್ಕಳ ಬಟ್ಟೆ, ಟವಲು ಹಿಡಿದು ಕೂತಿರುತ್ತಿದ್ದಳು, ತಮ್ಮ ದೂರದಿಂದ ಕೈ ಬೀಸುತ್ತಿದ್ದ. ತಟ್ಟೆಯಲ್ಲಿ ಅನ್ನ ಹಾಗೇ ಬಿಡುವುದನ್ನು ಗಮನಿಸಿ ಆಯಾ ವಿಚಾರಿಸಿದಾಗ ಬಾಯಿಗೆ ಬಂದೇಬಿಟ್ಟಿತು. ತಮ್ಮನಿಗೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ, ಅದೇ ಕ್ರಮದಲ್ಲಿ, ಹೆಸರು ತಿಳಿಯದ ಆ ಹೆಂಗಸಿಗೆ ಹೇಳಿದಳು. ಆಯಾ ಕೈ ಹಿಡಿದುಕೊಂಡು, “ನಿಮ್ಮ ಯಜಮಾನ್ರಿಗೆ ಹೇಳಿ ಅಕ್ಕ, ಒಳ್ಳೆಯವರ ಹಾಗೆ ಕಾಣ್ತಾರೆ, ಇಲ್ಲ ಅನ್ನಲ್ಲ” ಎಂದಳಂತೆ.

ಇಷ್ಟನ್ನೂ ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

“ಈಗಲಾದ್ರೂ ಹೇಳು. ಇವತ್ತೇ. ಇಲ್ಲದಿದ್ರೆ ನಾನೇ ಹೇಳ್ತೀನಿ.”

“ನೀನು ಹೇಳಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ. ಈಗ ಹೇಳಿದ್ರೆ ಅವನು ಏನಂದ್ಕೋತಾನೆ? ಅನ್ನಕ್ಕೆ ಸೇಡು ತೀರಿಸ್ಕೊಂಡ್ಲು ಅಂದ್ಕೋತಾನೆ. ಅದನ್ನ ಅವನು ಮರೀಲಿ, ಆಮೇಲೆ ಹೇಳ್ತೀನಿ.”

ಅವನು ಮರೆತನೋ ಇಲ್ಲವೋ ಅವಳಿಗೆ ತಿಳಿಯುವ ಬಗೆಯಿರಲಿಲ್ಲ. ಕಾದಳು. ಹೇಳುತ್ತೇನೆಂದು ಹೆದರಿಸಿದ ನಾನೂ ಕಾದೆ. ಮಳೆಗಾಲ ಅರ್ಧ ಕಳೆದಿತ್ತು, ಒಂದು ಮಧ್ಯಾಹ್ನ ಪರದೆಯ ಹಿಂದೆ ಕಲ್ಲು ತಿರುಗುತ್ತಲೇ ಇದ್ದು ಲೆನ್ಸಿನ ಸದ್ದು ಮಾತ್ರ ನಿಂತಿತು. ಹೋಗಿ ನೋಡಿದರೆ ಕಲ್ಲಿನ ಕೆಳಗಿನ ನೀರಿನ ತೊಟ್ಟಿ ಕೆಂಪಾಗಿತ್ತು. ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಮಷೀನು ಆಫ್ ಮಾಡಲು ತಡಕಾಡುತ್ತಿದ್ದಳು.

ಆಸ್ಪತ್ರೆಯಲ್ಲಿ ತಮ್ಮ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: ಬೇಸಿಗೆಯಲ್ಲೇ ಆಪರೇಷನ್ ಆಗಿದ್ದರೆ? ಅವರು ಫೈಲು ಮುಚ್ಚಿ, ಈಗ ಏನು ಮಾಡಬಹುದೆಂದು ನೋಡೋಣ ಎಂದರು. ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ಅವನು ಅಕ್ಕನ ಮಂಚದ ಕಬ್ಬಿಣ ಹಿಡಿದು ಅತ್ತ. “ಯಾಕಕ್ಕ ಹೇಳ್ಲಿಲ್ಲ ನನಗೆ? ನಾನೇನು ಹೊರಗಿನವನಾ?”

ಅವಳಿಗೆ ಆಗ ಸುಳ್ಳು ಹೇಳುವಷ್ಟೂ ಶಕ್ತಿ ಇರಲಿಲ್ಲವೆಂದು ಕಾಣುತ್ತದೆ. “ಹೇಳೋಕೇ ಬಂದಿದ್ದೆ ಕಣೋ ಅಲ್ಲಿಗೆ” ಎಂದಳು.

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಆಮೇಲೆ ವರಾಂಡದಲ್ಲಿ ನನ್ನ ಹತ್ತಿರ ಬಂದು, “ಸ್ವಲ್ಪ ದುಡ್ಡು ಉಳಿಯುತ್ತೆ ಅಂತ ಮಾಡಿದ್ದು, ಬೇರೇನೂ ಇರ್ಲಿಲ್ಲ” ಎಂದ. ನನಗೆ ಅದು ಗೊತ್ತಿತ್ತು. ಬೇರೇನಾದರೂ ಇದ್ದಿದ್ದರೆ ಅವನನ್ನು ದ್ವೇಷಿಸಿ ನಾನು ಹಗುರಾಗುತ್ತಿದ್ದೆ.

ಅಂದಿನಿಂದ ಅವನು ಮಧ್ಯಾಹ್ನ ಅಂಗಡಿ ಮುಚ್ಚಿ, ಇಬ್ಬರಿಗಾಗುವಷ್ಟು ಊಟ ಕಟ್ಟಿಸಿಕೊಂಡು ಬರತೊಡಗಿದ. ಮಂಚಕ್ಕೆ ಸಣ್ಣ ಮೇಜು ಎಳೆದು ಎರಡು ತಟ್ಟೆ ಇಡುತ್ತಿದ್ದ. ಅವಳಿಗೆ ಆಗಲೇ ನೀರೂ ಇಳಿಯುತ್ತಿರಲಿಲ್ಲ. ಅವನು ತುತ್ತು ಕಲಸಿ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಅವನು ಮಾರನೆಯ ದಿನ ಮತ್ತೆ ಎರಡು ತಟ್ಟೆ ತರುತ್ತಿದ್ದ.

ನಾನಿದ್ದ ಒಂದು ದಿನ ಅವಳು ಅವನ ಕೈಯನ್ನು ಮೆಲ್ಲಗೆ ದೂಡಿದಳು.

“ನೀನು ಉಣ್ಣೋ. ನಾನು ನೋಡ್ತೀನಿ.”

ಅವನು ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಬೆನ್ನು ಕುಲುಕುತ್ತಿತ್ತು.

“ಈ ಕಡೆ ತಿರುಗು” ಎಂದಳು.

ತಿರುಗಿದ. ಅವಳು ನೋಡುತ್ತಿದ್ದಂತೆ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡ.